ಕ್ರೋಮ್‌ನಲ್ಲಿ ಸರಿ, ಐಫೋನ್‌ನಲ್ಲಿ ಇಲ್ಲ: ಬುಕಿಂಗ್ ಪುಟದ ದೋಷ ಹಿಡಿಯುವ ಬಗೆ

ಚಿಕ್ಕಮಗಳೂರಿನ ಹೋಂಸ್ಟೇಗಳ ಬುಕಿಂಗ್ ಪುಟ ನೋಡಿಕೊಳ್ಳುವವರಿಗೆ ಬರುವ ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ನನ್ನ ಫೋನಲ್ಲಿ ಬರ್ತಿದೆ ಸಾರ್, ಗೆಸ್ಟ್ ಫೋನಲ್ಲಿ ಡೇಟ್ ಒತ್ತಿದ್ರೆ ಏನೂ ಆಗ್ತಿಲ್ಲ." ಇಷ್ಟನ್ನೇ ನಂಬಿ ಕೋಡ್ ಮುಟ್ಟಬೇಡಿ. ಫೋನ್‌ನ ಓಎಸ್ ಆವೃತ್ತಿ, ಬ್ರೌಸರ್ ಆವೃತ್ತಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಲಿಂಕ್ ಎಲ್ಲಿಂದ ತೆರೆದರು ಎಂದೂ ಕೇಳಿ. ಇನ್‌ಸ್ಟಾಗ್ರಾಮ್ ಒಳಗೇ ತೆರೆದುಕೊಳ್ಳುವ ಪುಟಕ್ಕೂ ಕ್ರೋಮ್‌ನಲ್ಲಿ ತೆರೆದ ಪುಟಕ್ಕೂ ಲಾಗಿನ್, ಡೌನ್‌ಲೋಡ್ ವಿಷಯದಲ್ಲಿ ವ್ಯತ್ಯಾಸವಿದೆ.

"ಐಫೋನ್‌ನಲ್ಲಿ ಕ್ರೋಮ್ ಹಾಕಿ ನೋಡಿ" ಎನ್ನುವುದರಿಂದ ಪ್ರಯೋಜನವಿಲ್ಲ. ನಮ್ಮ ದೇಶದ ಐಫೋನ್‌ಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್ ಯಾವುದೇ ಇರಲಿ, ಒಳಗೆ ಓಡುವುದು ಸಫಾರಿಯ ವೆಬ್‌ಕಿಟ್ ಎಂಜಿನ್ (ಕೋಡ್ ಓದಿ ಪುಟ ತೋರಿಸುವ ಭಾಗ). ಎಡ್ಜ್, ಸ್ಯಾಮ್‌ಸಂಗ್ ಇಂಟರ್‌ನೆಟ್ ಆಂಡ್ರಾಯ್ಡ್‌ನಲ್ಲಿ ಕ್ರೋಮ್‌ನ ಎಂಜಿನ್‌ನವೇ. ಹಾಗಾಗಿ ನೋಡಬೇಕಾದ್ದು ಮೂರೇ: ಕ್ರೋಮ್‌ನ ಬ್ಲಿಂಕ್, ವೆಬ್‌ಕಿಟ್, ಫೈರ್‌ಫಾಕ್ಸ್‌ನ ಗೆಕ್ಕೊ.

ಇದು ಮಲೆನಾಡು, ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಅದೇ ಫೋನನ್ನು ಒಳ್ಳೆಯ ವೈಫೈಗೆ ಹಾಕಿ, ಪ್ರೈವೇಟ್ ವಿಂಡೋದಲ್ಲಿ ಪುಟ ತೆರೆಸಿ. ಆಗ ಸರಿಯಾದರೆ ಹಳೆಯ ಕ್ಯಾಶ್ (ಫೋನ್ ಉಳಿಸಿಕೊಂಡ ಪ್ರತಿ), ಕುಕೀ ಅಥವಾ ನಿಧಾನ ನೆಟ್‌ವರ್ಕ್ ಕಾರಣ. ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ನೆಟ್‌ವರ್ಕ್ ವೇಗ ಇಳಿಸಿದಾಗಲೂ ಅದೇ ದೋಷ ಬಂದರೆ ಸ್ಕ್ರಿಪ್ಟ್‌ಗಳು ಬರುವ ಕ್ರಮವನ್ನು ನೋಡಿ.

ಮುಂದಿನ ಕೆಲಸ ಕನ್ಸೋಲ್, ಅಂದರೆ ಬ್ರೌಸರ್ ದೋಷಗಳನ್ನು ಬರೆದಿಡುವ ಜಾಗ, ಓದುವುದು. ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆಯಿರಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಸಫಾರಿ ವಿಭಾಗದಲ್ಲಿ (ಐಓಎಸ್ 18ರಿಂದ ಅದು ಆ್ಯಪ್ಸ್ ಒಳಗಿದೆ) ಅಡ್ವಾನ್ಸ್ಡ್, ಅಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ. ಮ್ಯಾಕ್‌ನ ಸಫಾರಿಯ ಡೆವಲಪ್ ಮೆನುವಿನಲ್ಲಿ ಫೋನ್ ಕಾಣುತ್ತದೆ. ಮ್ಯಾಕ್ ಇಲ್ಲದವರು ವಿಂಡೋಸ್‌ನಲ್ಲಿ ಪ್ಲೇರೈಟ್ ಎಂಬ ಪರೀಕ್ಷಾ ಸಾಧನದ ವೆಬ್‌ಕಿಟ್ ಬಳಸಬಹುದು. ಜಾವಾಸ್ಕ್ರಿಪ್ಟ್ ತಪ್ಪುಗಳು ಬಹುತೇಕ ಅಲ್ಲೇ ಸಿಗುತ್ತವೆ. ಕೀಬೋರ್ಡ್, ಪೇಮೆಂಟ್ ಆ್ಯಪ್‌ಗೆ ಹೋಗಿ ಬರುವುದು ಇವಕ್ಕೆ ನಿಜವಾದ ಫೋನೇ ಬೇಕು.

ಮೊದಲ ಕೆಂಪು ಸಾಲನ್ನು ಹಿಡಿಯಿರಿ, ಉಳಿದವು ಅದರ ಬಾಲ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳನ್ನು ಹೊಂದಿಸಿ ನೋಡುವ ಪ್ಯಾಟರ್ನ್) ದೋಷ ಎಂದಿದ್ದರೆ ಲುಕ್‌ಬಿಹೈಂಡ್, ಅಂದರೆ ಹಿಂದೆ ಯಾವ ಅಕ್ಷರವಿದೆ ಎಂದು ನೋಡುವ ಭಾಗ, ಬಳಸಿದ್ದೀರಾ ನೋಡಿ. ಸಫಾರಿಗೆ ಅದು ಬಂದದ್ದು 2023ರ 16.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಇದು ಸಿಂಟ್ಯಾಕ್ಸ್ (ಬರವಣಿಗೆಯ ನಿಯಮದ) ದೋಷವಾದ್ದರಿಂದ ಇಡೀ ಫೈಲ್ ಓಡುವುದಿಲ್ಲ. ಮೊಬೈಲ್ ನಂಬರ್ ಪರೀಕ್ಷಿಸುವ ಸಾಲಿನ ತಪ್ಪಿಗೆ ದಿನಾಂಕದ ಬಟನ್ ಸಾಯುತ್ತದೆ. ಹೊಸ ಕೋಡನ್ನು ಹಳೆಯ ಬ್ರೌಸರ್‌ಗೆ ಹೊಂದಿಸುವ ಬೇಬಲ್ ಇದನ್ನು ಸರಿಪಡಿಸಿಕೊಡುವುದಿಲ್ಲ, ಪ್ಯಾಟರ್ನ್ ಬೇರೆ ರೀತಿ ಬರೆಯಲೇಬೇಕು.

ಬುಕಿಂಗ್ ಪುಟಗಳಲ್ಲಿ ಅತಿ ಹೆಚ್ಚು ಕಾಡುವುದು ದಿನಾಂಕ. "05-11-2025" (ನವೆಂಬರ್ 5) ಎಂಬ ಅಕ್ಷರಸಾಲನ್ನು ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ಕೊಟ್ಟರೆ ಸಫಾರಿ ಇನ್‌ವ್ಯಾಲಿಡ್ ಡೇಟ್ ಎನ್ನಬಹುದು. ಕ್ರೋಮ್ ಮೌನವಾಗಿ ಒಪ್ಪಿಕೊಳ್ಳುತ್ತದೆ, ಆದರೆ ಮೇ 11 ಎಂದು! ಇಲ್ಲಿ ತಪ್ಪಿದ್ದು "ಸರಿಯಿದೆ" ಅಂದುಕೊಂಡ ಬ್ರೌಸರ್. 12ನೇ ತಾರೀಖು ದಾಟಿದರೆ ಕ್ರೋಮ್‌ನಲ್ಲೂ ಕೆಡುತ್ತದೆ. ದಿನ, ತಿಂಗಳು, ವರ್ಷ ಬಿಡಿಸಿ ಮೂರು ಸಂಖ್ಯೆಗಳಾಗಿ ಕೊಡಿ. ಡೇಟ್‌ಗೆ ಜನವರಿ ಎಂದರೆ ಸೊನ್ನೆ, ಹಾಗಾಗಿ ತಿಂಗಳಿನಲ್ಲಿ ಒಂದು ಕಳೆಯಬೇಕು. "2025-11-05" ಎಂದಷ್ಟೇ ಕೊಟ್ಟರೆ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ. ಅಮೆರಿಕದಿಂದ ಬುಕ್ ಮಾಡುವ ನೆಂಟರಿಗೆ ಹಿಂದಿನ ದಿನ ಕಾಣುತ್ತದೆ.

ಕ್ರೋಮ್‌ನಲ್ಲಷ್ಟೇ ಬರುವ ದೋಷವೂ ಇದೆ. ಪೇಮೆಂಟ್ ಗೇಟ್‌ವೇ ಪೋಸ್ಟ್ (ಫಾರ್ಮ್ ಕಳಿಸುವ ಬಗೆಯ ವಿನಂತಿ) ಮೂಲಕ ಹಿಂದಿರುಗಿದಾಗ ಲಾಗಿನ್ ಹೋಗಿರುತ್ತದೆ. ಸೇಮ್‌ಸೈಟ್ (ಬೇರೆ ಸೈಟ್‌ನಿಂದ ಬಂದಾಗ ಕುಕೀ ಕಳಿಸಬೇಕೇ ಎಂಬ ಸೂಚನೆ) ನಮೂದಿಸದ ಕುಕೀಯನ್ನು ಕ್ರೋಮ್ ಲ್ಯಾಕ್ಸ್ ಎಂದು ಎಣಿಸುತ್ತದೆ, ಅಂಥ ಪೋಸ್ಟ್ ಜೊತೆ ಕಳಿಸುವುದಿಲ್ಲ. ಕುಕೀ ಹುಟ್ಟಿದ 2 ನಿಮಿಷದವರೆಗೆ ಮಾತ್ರ ವಿನಾಯಿತಿ. ಬೇಗ ಬೇಗ ಪರೀಕ್ಷಿಸುವ ಡೆವಲಪರ್‌ಗೆ ಇದು ಸಿಗುವುದೇ ಇಲ್ಲ. ಕುಕೀಗೆ SameSite=None ಮತ್ತು Secure ಎರಡನ್ನೂ ಬರೆಯಿರಿ.

ಫೈರ್‌ಫಾಕ್ಸ್‌ನಲ್ಲಿ ರೀಲೋಡ್ ಆದರೂ ಬಟನ್ ಮಂಕಾಗಿಯೇ ಉಳಿದರೆ ಅದಕ್ಕೆ ಆಟೋಕಂಪ್ಲೀಟ್ ಆಫ್ ಹಾಕಿ. ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿದಂತಿದ್ದರೆ ಫಾಂಟ್ ಬೇರೆ ಎಂದರ್ಥ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ. ಲೈನ್‌ ಹೈಟ್ 1.6ಕ್ಕೆ ಏರಿಸಿ.

ಯೂಸರ್ ಏಜೆಂಟ್ (ಬ್ರೌಸರ್ ಕಳಿಸುವ ತನ್ನ ಪರಿಚಯದ ಸಾಲು) ನೋಡಿ ಸಫಾರಿಗೆಂದೇ ಬೇರೆ ಕೋಡ್ ಬರೆಯಬೇಡಿ. ಕ್ರೋಮ್‌ನ ಯೂಸರ್ ಏಜೆಂಟ್‌ನಲ್ಲೂ ಸಫಾರಿ ಎಂಬ ಹೆಸರಿದೆ. ಬೇಕಾದ ಸೌಲಭ್ಯ ಇದೆಯೇ ಎಂದು ಪರೀಕ್ಷಿಸಿ. ತಿದ್ದಿದ ಮೇಲೆ ಫೈಲ್ ಹೆಸರಿನ ಹ್ಯಾಶ್ (ಒಳಗಿನ ಕೋಡ್ ಬದಲಾದರೆ ಬದಲಾಗುವ ಗುರುತು) ಬದಲಾಯಿತೇ ನೋಡಿ, ಇಲ್ಲದಿದ್ದರೆ ಗೆಸ್ಟ್ ಫೋನಿನಲ್ಲಿ ಹಳೆಯದೇ ಓಡುತ್ತಿರುತ್ತದೆ.