ಮಾತಾಡಿಸುವ ಆತುರವನ್ನು ಬಿಟ್ಟ ಮೇಲೆ: ಪೊಲೀಸರು, ಅಗ್ನಿಶಾಮಕರೊಂದಿಗೆ ನನ್ನ ಅನುಭವ

ಆಪ್ತಸಮಾಲೋಚಕಿಯಾಗಿ ಈ ಕೆಲಸಕ್ಕೆ ಬಂದ ಹೊಸದರಲ್ಲಿ, ದುರಂತ ನಡೆದ ಎರಡು ಮೂರು ದಿನಗಳೊಳಗೆ ಇಡೀ ತಂಡವನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬರೂ ಕಂಡದ್ದನ್ನು ಹೇಳಿಸಿಬಿಟ್ಟರೆ ಅವರ ಮನಸ್ಸು ಹಗುರಾಗುತ್ತದೆಂದು ನಾನು ದೃಢವಾಗಿ ನಂಬಿದ್ದೆ. ಸ್ವತಃ ಅಗ್ನಿಶಾಮಕ ಸೇವೆಯಲ್ಲಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಮುಂದಿಟ್ಟ, ಹೀಗೆ ಕೂರಿಸಿ ಹೇಳಿಸುವ ಡೀಬ್ರೀಫಿಂಗ್ ವಿಧಾನವನ್ನು ನಾನು ಅರೆಬರೆಯಾಗಿ ಕಲಿತಿದ್ದೆ. ಅಂಥ ಒಂದು ಸಭೆಯಲ್ಲಿ, ಘಟನಾ ಸ್ಥಳದ ಹೊರಗೆ ಜನರನ್ನು ತಡೆದು ನಿಂತಿದ್ದ ಕಿರಿಯ ಸಿಬ್ಬಂದಿಯೊಬ್ಬ, ಒಳಗೆ ಹೋದವರ ಬಾಯಿಂದ ತಾನು ನೋಡದೇ ಇದ್ದುದನ್ನೆಲ್ಲ ಕೇಳಬೇಕಾಯಿತು. ಮೂರು ವಾರಗಳ ನಂತರ ಬಂದು, ಆ ದೃಶ್ಯಗಳು ಈಗ ತನ್ನ ಕನಸಿನಲ್ಲಿ ಬರುತ್ತಿವೆ ಎಂದ. ಅದನ್ನು ಅವನಿಗೆ ಹೊರಿಸಿದವಳು ನಾನೇ. ವ್ಯಕ್ತಿಗಳಿಗೆ ನಡೆಸುವ ಒಂದೇ ಬಾರಿಯ ಡೀಬ್ರೀಫಿಂಗ್, ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಯಾದ ಪಿಟಿಎಸ್‌ಡಿಯನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ಪರಾಮರ್ಶೆ ಹೇಳಿತ್ತು. ಅದನ್ನು ನಾನು ಓದಿದ್ದು ತಡವಾಗಿ.

ಈಗ ಮೊದಲ ವಾರದಲ್ಲಿ ನಾನು ಘಟನೆಯ ವಿವರವನ್ನು ಕೇಳುವುದೇ ಇಲ್ಲ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಊಟ ಸೇರುತ್ತಿದೆಯೇ, ಎಷ್ಟು ಗಂಟೆ ನಿದ್ದೆ ಬಂತು, ಪಾಳಿ ಮುಗಿಸಿ ಮನೆಗೆ ಹೋದಾಗ ಯಾರು ಇರುತ್ತಾರೆ, ಮದ್ಯಪಾನ ಹೆಚ್ಚಾಗಿದೆಯೇ ಎಂದಷ್ಟೇ ವಿಚಾರಿಸುತ್ತೇನೆ. ಬದುಕುವುದು ಬೇಡ ಎನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳುತ್ತೇನೆ. ಪೊಲೀಸರಾದರೆ ಆಯುಧ ಎಲ್ಲಿದೆ ಎಂಬುದನ್ನೂ ಕೇಳುತ್ತೇನೆ. ಸುತ್ತಿಬಳಸಿ ಕೇಳಿದರೆ ಅವರು ನನಗಿಂತ ಚೆನ್ನಾಗಿ ಸುತ್ತಿಬಳಸಿ ಉತ್ತರಿಸಬಲ್ಲರು, ಏಕೆಂದರೆ ವಿಚಾರಣೆ ಮಾಡುವುದೇ ಅವರ ವೃತ್ತಿ.

ಅವರ ಮೊದಲ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಒಂದೇ: "ಇದು ಸಾಹೇಬರಿಗೆ ಹೋಗುತ್ತದೆಯೇ, ಮೇಡಂ?" ಪ್ರಾಣಾಪಾಯದ ಸಂದರ್ಭ ಮತ್ತು ಕಾನೂನು ಕಡ್ಡಾಯಗೊಳಿಸಿದ ಸಂದರ್ಭ ಬಿಟ್ಟರೆ ಹೋಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಡುತ್ತೇನೆ. ಕರ್ತವ್ಯಕ್ಕೆ ಅರ್ಹರೇ ಎಂದು ಪ್ರಮಾಣಪತ್ರ ನೀಡುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಒಂದೇ ಕುರ್ಚಿಯಲ್ಲಿ ಕುಳಿತು ಸಮಾಲೋಚನೆ, ಪ್ರಮಾಣೀಕರಣ ಎರಡನ್ನೂ ಮಾಡಿದರೆ ಯಾರೂ ನಿಜ ಹೇಳಲಾರರು. ಕುರ್ಚಿಯ ವಿಷಯ ಬಂದುದರಿಂದ ಇದನ್ನೂ ಹೇಳಬೇಕು: ಬಾಗಿಲಿಗೆ ಬೆನ್ನು ಮಾಡಿ ಕೂರಲು ಬಹಳಷ್ಟು ಪೊಲೀಸರಿಗೆ ಆಗುವುದಿಲ್ಲ. ಹಾಗಾಗಿ ಬಾಗಿಲು ಕಾಣುವ ಜಾಗ ಅವರದ್ದು, ಬೆನ್ನು ಹಾಕಿ ಕೂರುವ ಜಾಗ ನನ್ನದು.

ನನಗೆ ಹೆಚ್ಚು ಕಲಿಸಿದವರು ಒಬ್ಬ ಅಗ್ನಿಶಾಮಕರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಬೆಂಕಿ ಬಿದ್ದ ಮನೆಯೊಂದರಿಂದ ಮಗುವನ್ನು ಜೀವಂತವಾಗಿ ಹೊರತರಲು ಆಗದೇ ಹೋದ ಎರಡು ತಿಂಗಳ ನಂತರ ಅವರು ಬಂದರು. ಒದ್ದೆ ಬೂದಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಘಟನೆಯನ್ನು ಮಾತ್ರ ಅವರು ಇಲಾಖೆಯ ವರದಿಯ ಭಾಷೆಯಲ್ಲೇ ಹೇಳುತ್ತಿದ್ದರು: "ಆವರಣವನ್ನು ಪ್ರವೇಶಿಸಲಾಯಿತು, ಶೋಧ ನಡೆಸಲಾಯಿತು." ಮಾಡಿದವರು ಯಾರೆಂಬುದೇ ಆ ವಾಕ್ಯಗಳಲ್ಲಿ ಇರಲಿಲ್ಲ. "ನಾನು ಎಡಕ್ಕೆ ಹೋದೆ" ಎಂಬ ಒಂದೇ ವಾಕ್ಯದಲ್ಲಿ "ನಾನು" ಬಂತು, ಅಲ್ಲಿಗೆ ಮಾತು ನಿಂತಿತು. ಮಗು ಇದ್ದದ್ದು ಬಲಗಡೆಯ ಕೋಣೆಯಲ್ಲಿ.

ಆಗ ಭಾವನೆಗಳ ಬಗ್ಗೆ ಕೇಳುವ ಬದಲು ಕಾಗದ, ಪೆನ್ಸಿಲ್ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಿದೆ. ದಟ್ಟ ಹೊಗೆಯಲ್ಲಿ ಕಣ್ಣು ಕೆಲಸ ಮಾಡದ ಕಾರಣ ಗೋಡೆಯ ಮೇಲೊಂದು ಕೈ ಇಟ್ಟುಕೊಂಡೇ ಹುಡುಕಬೇಕು, ಆ ಗೋಡೆಯನ್ನು ಬಿಟ್ಟರೆ ಹಿಂತಿರುಗುವ ದಾರಿಯೇ ತಪ್ಪುತ್ತದೆ ಎಂದು ಅವರು ನನಗೆ ಪಾಠ ಹೇಳಿದಂತೆ ವಿವರಿಸಿದರು. ಪೆನ್ಸಿಲ್ಲಿನ ಗೆರೆ ಎಡಗೋಡೆಯ ಗುಂಟ ಸಾಗಿ ಅಡುಗೆಮನೆಯ ಬಳಿ ನಿಂತಿತು. ಉಸಿರಾಟದ ಸಿಲಿಂಡರ್‌ನ ಎಚ್ಚರಿಕೆಯ ಸೀಟಿ ಕೂಗಿದ್ದು ಅಲ್ಲೇ. ಬಾಗಿಲಲ್ಲಿ ನಿಂತಿದ್ದಾಗ ಬಲಗಡೆಯ ಕೋಣೆಯ ಬಗ್ಗೆ ನಿಮಗೆ ಏನು ಗೊತ್ತಿತ್ತು ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಅಲ್ಲೊಂದು ಕೋಣೆ ಇದೆಯೆಂದೇ ಗೊತ್ತಿರಲಿಲ್ಲ" ಎಂದರು. ಆ ದಿನ ಅದಕ್ಕಿಂತ ಮುಂದೆ ಹೋಗಲಿಲ್ಲ. ನಂತರ ಗೊತ್ತಾದದ್ದನ್ನು ಮೊದಲೇ ಗೊತ್ತಿದ್ದಂತೆ ಭಾವಿಸಿ ತನ್ನನ್ನು ದೂಷಿಸಿಕೊಳ್ಳುವ ಈ ಗಂಟನ್ನು ಬಿಡಿಸಲು, ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ರೆಸಿಕ್ ರೂಪಿಸಿದ 12 ಭೇಟಿಗಳ ಚಿಕಿತ್ಸಾ ಕ್ರಮವನ್ನು ಅನುಸರಿಸಿದೆವು. ಪಾಳಿಗಳ ದೆಸೆಯಿಂದ ಅದು ಐದು ತಿಂಗಳು ಹಿಡಿಯಿತು.

ಪೊಲೀಸರಲ್ಲಿ ಮಾತ್ರ ಒಂದೇ ಘಟನೆಗಿಂತ ಸಣ್ಣಸಣ್ಣದಾಗಿ ಕೂಡಿಕೊಂಡದ್ದೇ ಹೆಚ್ಚು. ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳನ್ನು ತನಿಖೆಗಾಗಿ ತಿಂಗಳುಗಟ್ಟಲೆ ನೋಡಿದ್ದ ಅಧಿಕಾರಿಯೊಬ್ಬರು, "ನಾನು ಸ್ಥಳದಲ್ಲೇ ಇರಲಿಲ್ಲವಲ್ಲ, ನನಗೇಕೆ ಇದು?" ಎಂದು ನಾಚಿಕೆಪಟ್ಟುಕೊಂಡು ಕೇಳಿದ್ದರು. ಕರ್ತವ್ಯದ ಭಾಗವಾಗಿ ಇಂಥ ವಿವರಗಳನ್ನು ಪದೇ ಪದೇ ಎದುರಿಸುವುದನ್ನು, ಅದು ಪರದೆಯ ಮೇಲಾದರೂ ಸರಿ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಕೈಪಿಡಿಯಾದ 2013ರ ಡಿಎಸ್‌ಎಂ-5 ಆಘಾತವೆಂದೇ ಗುರುತಿಸುತ್ತದೆ. ಆ ಪುಟವನ್ನು ಅವರ ಮುಂದೆ ತೆರೆದಿಟ್ಟೆ. ಎರಡು ಸಲ ಓದಿ, ಸಾಕ್ಷ್ಯವನ್ನು ಪರಿಶೀಲಿಸುವವರಂತೆ ಪುಸ್ತಕದ ಮುಖಪುಟವನ್ನು ತಿರುಗಿಸಿ ನೋಡಿ, ಮುಂದಿನ ಭೇಟಿಯ ದಿನಾಂಕವನ್ನು ತಾವೇ ಬರೆದುಕೊಂಡರು.