ಕಾಯಿಲೆಗಳ ಅಕಾರಾದಿ ಪಟ್ಟಿ: ಜನ ಹೇಳುವ ಹೆಸರನ್ನೇ ಮುಂದಿಟ್ಟೆ

ವೈದ್ಯರು ಬಳಸುವ ಹೆಸರೇ ಮುಖ್ಯ ನಮೂದಾಗಬೇಕು ಅಂತ ನಾನು ಸಲಹೆ ಕೇಳಿದವರೆಲ್ಲ ಹೇಳಿದ್ದರು. ನಾನು ಉಲ್ಟಾ ಮಾಡಿದೆ. ಜನ ಹುಡುಕುವ ಹೆಸರಿಗೆ ಪೂರ್ತಿ ವಿವರ, ಉಳಿದ ಹೆಸರುಗಳಿಗೆ ‘ಇಲ್ಲಿ ನೋಡಿ’ ಅಂತ ಒಂದೇ ಸಾಲು. ಪಟ್ಟಿ ಈಗ ಸುಮಾರು 900 ನಮೂದು ದಾಟಿದೆ. ಬೇಡ ಅಂದವರೇ ಈಗ ಅದನ್ನು ಬಳಸುತ್ತಿದ್ದಾರೆ.

ಮೊದಲು ಇಂಗ್ಲಿಷ್ ಪಟ್ಟಿಯನ್ನೇ ಅನುವಾದಿಸಿ ಜೋಡಿಸಿದ್ದೆವು. ಡಯಾಬಿಟಿಸ್, ಮಧುಮೇಹ, ಸಕ್ಕರೆ ಕಾಯಿಲೆ ಮೂರು ಕಡೆ ಬಂದವು, ಮೂರಕ್ಕೂ ಬೇರೆ ಬೇರೆ ವಿವರ! ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ವೈದ್ಯರ ಪರಿಶೀಲನೆಗೆ. ಅದರಲ್ಲಿ ಮೂರನೇ ಒಂದು ಪಾಲು ಒಂದೇ ಕಾಯಿಲೆಯನ್ನು ಮತ್ತೆ ಮತ್ತೆ ನೋಡಿಸಿದ್ದಕ್ಕೇ ಖಾಲಿ.

ದಾರಿ ಸಿಕ್ಕಿದ್ದು ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ, ಹತ್ತನೇ ಆವೃತ್ತಿ) ಕೋಡ್‌ನ ಕಾಲಂ ಹಾಕಿದ ಮೇಲೆ. ಕೋಡ್ ಒಂದೇ ಆದರೆ ಸಾಲುಗಳನ್ನು ಸೇರಿಸು. ಒಂದು ಹೆಸರಿಗೆ ಹಲವು ಕೋಡ್ ಬಂದರೆ ವಿವರ ಬರೆಯಬೇಡ, ದಾರಿ ಮಾತ್ರ ತೋರಿಸು. ‘ಅಮ್ಮ’ ಅಂದರೆ ಸಿಡುಬು (ಬಿ03), ಚಿಕನ್‌ಪಾಕ್ಸ್ (ಬಿ01), ದಡಾರ (ಬಿ05), ಯಾವುದೂ ಆಗಬಹುದು. ಕಾಮಾಲೆಯೂ ಹಾಗೇ: ಹೆಪಟೈಟಿಸ್ ಎ ಆದರೆ ಬಿ15, ಕಾರಣ ಗೊತ್ತಿಲ್ಲದಿದ್ದರೆ ಆರ್17. ‘ಅದು ಕಾಯಿಲೆಯಲ್ಲ, ಲಕ್ಷಣ, ತೆಗೆದುಬಿಡಿ’ ಅಂದರು ಒಬ್ಬ ಪರಿಶೀಲಕರು. ನಾನು ತೆಗೆಯಲಿಲ್ಲ. ಕಣ್ಣು ಹಳದಿಯಾದವರು ಹುಡುಕುವುದು ‘ಕಾ’ ಅಕ್ಷರದಲ್ಲೇ ಅಲ್ವಾ?

ಕೋಡ್ ಪಕ್ಕ ಆವೃತ್ತಿಯನ್ನೂ ಬರೆದಿಡಿ. ಮೂಲವ್ಯಾಧಿ ಐ84ರಲ್ಲಿತ್ತು, ಆಮೇಲೆ ಕೆ64ಕ್ಕೆ ಹೋಯಿತು. ಪಾರ್ಶ್ವವಾಯು ಐಸಿಡಿ-10ರಲ್ಲಿ ರಕ್ತಪರಿಚಲನೆಯ ಅಧ್ಯಾಯದಲ್ಲಿದೆ, ಐಸಿಡಿ-11ರಲ್ಲಿ ನರಮಂಡಲದ ಕಡೆ ಬಂದಿದೆ.

ನಡುವೆ ಸುಮ್ನೆ ತಲೆಯಿಂದ ಕಾಲಿನವರೆಗೆ ಅಂಗಗಳ ಪ್ರಕಾರವೂ ಜೋಡಿಸಿ ನೋಡಿದೆ. ಚರ್ಮದ ಕಾಯಿಲೆಗಳಿಗೆ ಚೆನ್ನಾಗಿತ್ತು. ಮಲೇರಿಯಾವನ್ನು ಯಾವ ಅಂಗಕ್ಕೆ ಹಾಕೋದು? ಕೈಬಿಟ್ಟೆ. ಅಕಾರಾದಿಯಲ್ಲಿ ಬೇರೆ ತೊಂದರೆ ಇದೆ: ಮೂರ್ಛೆ (ಆರ್55), ಮೂರ್ಛೆರೋಗ (ಜಿ40) ಅಕ್ಕಪಕ್ಕವೇ ಕೂರುತ್ತವೆ. ಒಂದು ತಲೆಸುತ್ತಿ ಬೀಳುವುದು, ಇನ್ನೊಂದು ಮತ್ತೆ ಮತ್ತೆ ಬರುವ ಫಿಟ್ಸ್. ಎರಡರಲ್ಲೂ ಮೊದಲ ಸಾಲಲ್ಲೇ ದಪ್ಪಕ್ಷರದಲ್ಲಿ ವ್ಯತ್ಯಾಸ ಹಾಕಿಸಿದೆ.

ಅಸ್ತಮಾ, ಆಸ್ತಮಾ, ಅಸ್ಥಮಾ, ಹೇಗೆ ಬರೆದು ಹುಡುಕಿದರೂ ನನ್ನ ಪಟ್ಟಿ ಉಬ್ಬಸಕ್ಕೇ (ಜೆ45) ಕರೆದೊಯ್ಯುತ್ತದೆ. ಅದಕ್ಕೊಂದು ಪುಟ್ಟ ನಿಯಮ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಐಸಿಡಿ-11 ಜಾರಿಗೆ ಬಂದಿದ್ದು 2022ರ ಜನವರಿಯಲ್ಲಿ. ಅದರ ಕಾಲಂ ಈಗ ತುಂಬುತ್ತಿದ್ದೇನೆ, ಮೂರನೇ ಒಂದು ಭಾಗ ಮುಗಿದಿರಬಹುದು. ಜಾಸ್ತಿ ಹೊತ್ತು ತಿನ್ನುತ್ತಿರುವುದು ಕ್ಯಾನ್ಸರ್ ಭಾಗ, ಅಲ್ಲಿ ಒಂದೊಂದು ಅಂಗಕ್ಕೂ ಬೇರೆ ಕೋಡ್.