ಜಾಗಟೆಯೇ ಕ್ಲಿಕ್: ಕಾಸರಗೋಡಿನ ಬದಿಯಡ್ಕ ಕಡೆಯ ಅಂಗಳದಲ್ಲಿ ನಮ್ಮ ಎರಡನೇ ಆಲ್ಬಂ

ಯಕ್ಷಗಾನದ ಹಾಡು, ಚೆಂಡೆ, ಮದ್ದಳೆಗಳನ್ನು ರಾಕ್ ವಾದ್ಯಗಳ ಜೊತೆ ಕೂಡಿಸುವ ತಂಡ ನಮ್ಮದು. ಕ್ಲಿಕ್ ಎಂದರೆ ರೆಕಾರ್ಡಿಂಗಿನಲ್ಲಿ ವೇಗ ತಪ್ಪದಂತೆ ಕಿವಿಗೆ ಕೊಡುವ ಸಮ ಅಂತರದ ಟಿಕ್ ಸದ್ದು. ಅದಿಲ್ಲದೆ ಏಳಕ್ಷರದ (ಏಳೆಣಿಕೆಯ) ತಾಳವೂ ಇರುವ ಇಪ್ಪತ್ತೊಂದು ನಿಮಿಷದ ಕೃತಿ ರೆಕಾರ್ಡ್ ಮಾಡಿದರೆ ಆಮೇಲೆ ಎಡಿಟ್ ಮಾಡಲಿಕ್ಕಾಗದು, ಕೀಬೋರ್ಡ್ ತಾಳಕ್ಕೆ ಕೂರುವುದಿಲ್ಲ, ಡ್ರಮ್ಮೂ ಮದ್ದಳೆಯೂ ಹತ್ತು ನಿಮಿಷದೊಳಗೆ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ಹೇಳಿದವರಲ್ಲಿ ಒಳ್ಳೆಯ ಇಂಜಿನಿಯರುಗಳೂ ಇದ್ದರು. ಆಲ್ಬಂ ಹೊರಬಂದು ವರ್ಷ ದಾಟಿತು. ಮದ್ದಳೆ ಎಲ್ಲಿಯೂ ಜಾರಿಲ್ಲ, ಕೀಬೋರ್ಡ್ ಕೂತಿದೆ. ಹೇಗೆ ಕೂರಿಸಿದೆವು ಎಂಬುದನ್ನು ಬರೆದಿಡುತ್ತೇನೆ. ಅಂಕಿಗಳು ನೆನಪಿನಿಂದ ಕೊಟ್ಟದ್ದು, ಐದು ಹತ್ತು ಆಚೀಚೆ ಇರಬಹುದು.

ಮೊದಲ ಆಲ್ಬಂನಲ್ಲಿ ತಪ್ಪಿದ್ದು ಎಲ್ಲಿ ಎಂದು ಮೊದಲು ಹೇಳಬೇಕು. ಗಂಟೆ ಲೆಕ್ಕದ ಬಾಡಿಗೆಯ ಸ್ಟುಡಿಯೋ, ಕ್ಲಿಕ್ ಕಿವಿಗೆ ಹಾಕಿ ಚೆಂಡೆ ಮದ್ದಳೆಯವರನ್ನು ಕೂರಿಸಿದ್ದು. ಯಕ್ಷಗಾನದ ಪದ್ಯ ಒಂದೇ ಕಾಲದಲ್ಲಿ, ಅಂದರೆ ಒಂದೇ ವೇಗದಲ್ಲಿ, ನಿಲ್ಲುವುದಲ್ಲ, ಅದು ಏರುತ್ತದೆ. ಕ್ಲಿಕ್ ಏರುವುದಿಲ್ಲ. ಮದ್ದಳೆಯವರು ಪ್ರತಿ ಮುಕ್ತಾಯದಲ್ಲಿಯೂ (ಪದ್ಯದ ಭಾಗವನ್ನು ಮುಗಿಸುವ ಪೆಟ್ಟುಗಳಲ್ಲಿ) ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಂದರು. ನಾವು ಮೂರು ವಾರ ಕೂತು ಪೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿನ ಗ್ರಿಡ್ಡಿಗೆ, ಅಂದರೆ ಕ್ಲಿಕ್ಕಿನ ಸಮ ಗೆರೆಗಳಿಗೆ, ಎಳೆದೆವು. ಎಳೆದ ಮೇಲೆ ಮದ್ದಳೆಯ ಗುಂಕಿ, ಚಾಪು ಎಂಬ ಪೆಟ್ಟುಗಳು ಸಮ ಅಂತರದಲ್ಲಿ ಬಿದ್ದವು, ಕೇಳಲಿಕ್ಕೆ ಅದು ಮದ್ದಳೆಯಾಗಿ ಉಳಿಯಲಿಲ್ಲ. ಖರ್ಚು ಸುಮಾರು 2,40,000, ಮರಳಿ ಬಂದದ್ದು 35,000 ಇರಬಹುದು.

ಎರಡನೆಯದಕ್ಕೆ ಕ್ರಮ ತಿರುಗಿಸಿದೆವು. ಮೊದಲು ಭಾಗವತರ ಹಾಡು, ತಾಳಕ್ಕೆ ಅವರೇ ಬಡಿಯುವ ಜಾಗಟೆ ಮತ್ತು ಮದ್ದಳೆ. ಅದರ ಮೇಲೆ ಡ್ರಮ್ಸ್, ಆಮೇಲೆ ಬೇಸ್, ಗಿಟಾರ್, ಕೊನೆಗೆ ಕೀಬೋರ್ಡ್. ಭಾಗವತರು ಒಳಕೋಣೆಯಲ್ಲಿ, ಮದ್ದಳೆ ಚಾವಡಿಯಲ್ಲಿ, ನಡುವೆ ಮುಚ್ಚಿದ ಗಾಜಿನ ಕಿಟಕಿ. ಒಬ್ಬರಿಗೊಬ್ಬರು ಕಾಣಲೇಬೇಕು. ಒಂದು ಸಲ ಪರದೆ ಹಾಕಿ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಿ ನೋಡಿದೆವು, ಮೂರನೇ ನಿಮಿಷಕ್ಕೇ ಮುಕ್ತಾಯ ತಪ್ಪಿತು. ಜಾಗಟೆಗೆ ಒಂದಡಿ ದೂರದಲ್ಲಿ ಸಾದಾ ಡೈನಮಿಕ್ ಮೈಕ್ ಸಾಕು. ಆವರ್ತದ (ತಾಳದ ಒಂದು ಸುತ್ತಿನ) ಮೊದಲ ಪೆಟ್ಟು ಮಾತ್ರ ಬಲವಾಗಿ ಬೀಳುವಂತೆ ಭಾಗವತರಲ್ಲಿ ಕೇಳಿಕೊಂಡೆವು, ಯಾಕೆಂದರೆ ಆ ಪೆಟ್ಟೇ ಮುಂದಿನ ಎಲ್ಲ ಕೆಲಸಕ್ಕೆ ಗುರುತುಕಲ್ಲು.

ಆ ಟ್ರ್ಯಾಕಿನಿಂದ ಟೆಂಪೋ ಮ್ಯಾಪ್, ಅಂದರೆ ವೇಗ ಎಲ್ಲೆಲ್ಲಿ ಎಷ್ಟು ಎಂದು ಕಂಪ್ಯೂಟರಿಗೆ ತಿಳಿಸುವ ಗುರುತುಗಳ ಪಟ್ಟಿ, ಕೈಯಲ್ಲೇ ಮಾಡಿದ್ದು. ನಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್, ಬೇರೆ ಯಾವುದಾದರೂ ನಡೆಯುತ್ತದೆ. ಮೊದಲ ಪ್ರಯತ್ನದಲ್ಲಿ ಪ್ರತಿ ಅಕ್ಷರಕ್ಕೂ ಮಾರ್ಕರ್ ಹಾಕಿದೆವು, ಅದು ದೊಡ್ಡ ತಪ್ಪು. ಕೀಬೋರ್ಡಿನ ಆರ್ಪೆಜಿಯೋ (ಒಂದೊಂದಾಗಿ ಬರುವ ಸ್ವರಗುಚ್ಛ) ಮತ್ತು ಡಿಲೇ (ತಡವಾಗಿ ಮರುಕಳಿಸುವ ಸದ್ದು) ಎರಡೂ ಮ್ಯಾಪಿಗೆ ಕಟ್ಟಿಕೊಂಡಿರುತ್ತವೆ. ಅಕ್ಷರಕ್ಕೊಂದು ಮಾರ್ಕರ್ ಇದ್ದರೆ ಡಿಲೇ ಸಮಯ ಕ್ಷಣ ಕ್ಷಣವೂ ಬದಲಾಗಿ ಸ್ವರ ಅಲುಗಾಡುತ್ತದೆ. ಆಮೇಲೆ ಎರಡು ಆವರ್ತಕ್ಕೆ ಒಂದು ಮಾರ್ಕರ್, ನಡುವಿನ ಬದಲಾವಣೆ ನಿಧಾನವಾಗಿ ಸಾಗುವಂತೆ. ತ್ರಿವುಡೆಯ, ಅಂದರೆ ಏಳಕ್ಷರದ ತಾಳದ, ಭಾಗ ಒಂಬತ್ತು ನಿಮಿಷ, ನಿಮಿಷಕ್ಕೆ 168 ಅಕ್ಷರದ ಹತ್ತಿರ ಶುರುವಾಗಿ 190ಕ್ಕೆ ಮುಗಿಯುತ್ತದೆ. ನೂರಿಪ್ಪತ್ತರಷ್ಟು ಮಾರ್ಕರ್ ಆಯಿತು. ಒಂದು ಸಂಜೆಯ ಕೆಲಸ.

ಡ್ರಮ್ಸ್ ಮೊದಲ ಸುತ್ತು ಹಾಳಾಯಿತು. ಜಾಗಟೆ ಕೇಳಿ ಹೊಡೆಯುವಾಗ ಕಾಲ ಏರುವ ಜಾಗಗಳಲ್ಲೆಲ್ಲ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) 30 ಮಿಲಿಸೆಕೆಂಡು ಹಿಂದೆ. ಕಾರಣ ಸರಳ: ಪೆಟ್ಟು ಬಿದ್ದ ಮೇಲೆ ಕೇಳಿಸುವುದನ್ನು ಅನುಸರಿಸಿದರೆ ಯಾರೇ ಆದರೂ ಹಿಂದೆ ಬೀಳುತ್ತಾರೆ. ಮ್ಯಾಪಿನಿಂದ ಒಂದು ಸಣ್ಣ ಮರದ ಟಿಕ್ ಸದ್ದು ತೆಗೆದು ಪ್ರತಿ ಆವರ್ತದ ಕೊನೆಯ ಎರಡು ಅಕ್ಷರಕ್ಕೆ ಮಾತ್ರ ಡ್ರಮ್ಮರನ ಕಿವಿಗೆ ಕೊಟ್ಟೆವು. ಆರು, ಏಳು ಕೇಳಿಸುತ್ತದೆ, ಒಂದು ಅವನೇ ಹೊಡೆಯಬೇಕು. ಎರಡು ದಿನದಲ್ಲಿ ಎಲ್ಲ ಭಾಗ ಮುಗಿಯಿತು. ಈ ಆಲ್ಬಂನಲ್ಲಿ ನನಗೆ ಹೆಮ್ಮೆ ತಂದದ್ದು ಇದೇ ಒಂದು ಉಪಾಯ.

ಶ್ರುತಿಯದ್ದು ಇನ್ನೊಂದು ಕಂತೆ. ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳ ಸಂಖ್ಯೆಯಿಂದ ಹೇಳುವುದು ರೂಢಿ. ಭಾಗವತರಿಗೆ ಕಪ್ಪು ಮೂರು ಸಲೀಸು, ನಮ್ಮ ಗಾಯಕನ ಕಂಠ ಕಪ್ಪು ಒಂದು. ಮೊದಲ ಆಲ್ಬಂನಲ್ಲಿ ಎಲ್ಲರನ್ನೂ ಬಿಳಿ ಮೂರಕ್ಕೆ ಎಳೆದದ್ದು, ಗಿಟಾರಿಗೆ ಅನುಕೂಲ ಎಂದು. ಇಬ್ಬರ ಕಂಠವೂ ಕೆಟ್ಟಿತು. ಈ ಸಲ ಗಿಟಾರನ್ನೇ ಇಳಿಸಿದೆವು: ಎಲ್ಲ ತಂತಿ ಅರ್ಧ ಸ್ವರ ಕೆಳಗೆ, ದಪ್ಪ ತಂತಿ ಇನ್ನೂ ಒಂದು ಸ್ವರ ಕೆಳಗೆ. ಆಗ ದಪ್ಪ ತಂತಿಯಿಂದ ಎಣಿಸಿದರೆ ಮೊದಲ ನಾಲ್ಕು ತಂತಿ ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಎಫ್ ಶಾರ್ಪ್. ಕಪ್ಪು ಒಂದರಲ್ಲಿ ಹಾಡುವಾಗ ಇವು ಸ ಪ ಸ ಮ. ಕಪ್ಪು ಮೂರರಲ್ಲಿ ಅದೇ ಸಿ ಶಾರ್ಪ್ ಪಂಚಮವಾಗುತ್ತದೆ, ಎಫ್ ಶಾರ್ಪ್ ಷಡ್ಜ. ಎರಡು ಶ್ರುತಿಗೂ ಬಿಟ್ಟ (ಬೆರಳು ಒತ್ತದೆ ನುಡಿಸುವ) ತಂತಿ ಸಿಗುತ್ತದೆ, ನಡುವೆ ಟ್ಯೂನಿಂಗ್ ಮುಟ್ಟಬೇಕಿಲ್ಲ. 10ರ ತೆಳು ತಂತಿಗಳ ಸೆಟ್ ಹಾಕಿದರೆ ದಪ್ಪ ತಂತಿ ಸಡಿಲವಾಗಿ ಹೊಡೆದಾಗ ಸ್ವರ ಮೇಲೆ ಹಾರುತ್ತದೆ. ದಪ್ಪದ 11-54 ಸೆಟ್ ಹಾಕಿ, ಬ್ರಿಡ್ಜಿನಲ್ಲಿ ಇಂಟೊನೇಶನ್ (ಒತ್ತಿದ ಸ್ವರಗಳ ಶುದ್ಧತೆ) ಮತ್ತೆ ಸರಿಮಾಡಿ. ಮದ್ದಳೆ ಮಾತ್ರ ಎರಡು ಬೇಕು. ಒಂದನ್ನೇ ಇಷ್ಟು ದೂರ ಏರಿಸಿ ಇಳಿಸಿದರೆ ನಾದ ಸಾಯುತ್ತದೆ.

ಸಾಹಿತ್ಯಕ್ಕೆ ಮಂಜೇಶ್ವರ ಗೋವಿಂದ ಪೈಗಳ ಸಾಲುಗಳು. ಇದರಲ್ಲಿ ಹಣದ ಮಾತೂ ಇದೆ. ಕವಿ ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಹಕ್ಕು ಮರುವರ್ಷದಿಂದ ಅರುವತ್ತು ವರ್ಷ, ಹಾಗಾಗಿ ಅವರು ಬದುಕಿರುವಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಐದು ಮಾತ್ರೆಯ ಗಣದಲ್ಲಿ ನಡೆಯುವ ಸಾಲುಗಳನ್ನೇ ಆರಿಸಿದ್ದು, ಎರಡು ಗಣಕ್ಕೆ ಹತ್ತಕ್ಷರದ ಝಂಪೆ ತಾಳದ ಒಂದು ಆವರ್ತ ಸರಿಯಾಗಿ ಬೀಳುತ್ತದೆ. ಪ್ರೋಗ್ (ಪ್ರೊಗ್ರೆಸಿವ್ ರಾಕ್) ಕೇಳುವವರಿಗೆ ಐದರ ನಡೆ ಹೊಸತಲ್ಲ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದವರ ಎರಡನೇ ಆಲ್ಬಂ ‘ಟಾರ್ಕಸ್’ (1971) ಶುರುವಾಗುವುದೇ ಐದರಲ್ಲಿ, ಅದೂ ಒಂದಿಡೀ ಬದಿ ತುಂಬುವ ಇಪ್ಪತ್ತು ನಿಮಿಷದ ಕೃತಿ. ಝಂಪೆ ಹಾಕಿ ಬೆಳೆದ ಕೈಗೆ ಅದು ಕಷ್ಟದ ಲೆಕ್ಕವೇ ಅಲ್ಲ. ಎರಡನೇ ಆಲ್ಬಂನಲ್ಲಿ ಹಾಡು ಗಿಡ್ಡ ಮಾಡಿ ಎಂದು ಬುದ್ಧಿ ಹೇಳಿದವರಿಗೆ ನಾನು ಕೊಟ್ಟ ಉತ್ತರವೂ ‘ಟಾರ್ಕಸ್’ ಆಲ್ಬಮ್ಮೇ.

ಚೆಂಡೆ ಅಂಗಳದಲ್ಲಿ. ಒಳಗೆ ರೆಕಾರ್ಡ್ ಮಾಡಿದರೆ ಮುರಕಲ್ಲಿನ ಗಿಲಾವು ಗೋಡೆ ಪೆಟ್ಟನ್ನು ನಾಲ್ಕು ಸಲ ಹಿಂದಕ್ಕೆ ಎಸೆಯುತ್ತದೆ. ಗೋಡೆಗೆ ಅಡಿಕೆ ಹಾಳೆ ಸಾಲಾಗಿ ಕಟ್ಟಿ ನೋಡಿದೆವು. ಒಣಗಿದ ಹಾಳೆ ತಾನೇ ಗಡಗಡ ಎಂದಿತು, ಒಂದು ದಿನ ವ್ಯರ್ಥ. ತೆಂಗಿನ ನಾರಿನ ಹಾಸಿಗೆ ಗಾಯನಕ್ಕೆ ಸಾಕಾಯಿತು, ಚೆಂಡೆಗೆ ಆಗಲಿಲ್ಲ. ಅಂಗಳದಲ್ಲಿ ತೊಂದರೆ ನೆಲದ್ದು: ಮೈಕ್ ಎದೆಮಟ್ಟದಲ್ಲಿದ್ದರೆ ನೇರ ಬಂದ ಸದ್ದೂ ನೆಲಕ್ಕೆ ಬಡಿದು ಬಂದದ್ದೂ ಕೂಡಿ ಕೆಲವು ಸ್ವರಗಳು ಟೊಳ್ಳಾಗುತ್ತವೆ. ಮೈಕನ್ನು ಹಲಗೆಯ ಮೇಲೆ, ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿ, ಚೆಂಡೆಯಿಂದ ನಾಲ್ಕೈದು ಅಡಿ ದೂರ ಇಟ್ಟರೆ ಎರಡೂ ದಾರಿ ಒಂದೇ ಆಗುತ್ತದೆ. ಜನವರಿಯಲ್ಲಿ ಅಂಗಳದ ಅರ್ಧಕ್ಕೆ ಅಡಿಕೆ ಒಣಹಾಕಿತ್ತು. ಆ ಕಡೆ ತಿರುಗಿ ಬಾರಿಸಿದ ಟೇಕಿನಲ್ಲಿ ಮೇಲಿನ ಕಿರಿಕಿರಿ ಸ್ಪಷ್ಟವಾಗಿ ಕಡಿಮೆ. ಗೋಲಿಯಂತಹ ಅಡಿಕೆಯ ರಾಶಿ ಮೇಲ್ಸದ್ದನ್ನು ಚದುರಿಸುತ್ತದೆ ಎಂದು ನನ್ನ ಲೆಕ್ಕ, ಆಲ್ಬಂನಲ್ಲಿರುವುದು ಆ ಟೇಕುಗಳೇ.

ಮೊದಲ ದಿನದ ಚೆಂಡೆ ಪೂರ್ತಿ ಬಿಸಾಡಿದ್ದು. ಮೀಟರ್ ಕೆಂಪಾಗಿರಲಿಲ್ಲ, ಸದ್ದು ಮಾತ್ರ ಒಡೆದಿತ್ತು. ಒಡೆದದ್ದು ಮೈಕಿನೊಳಗೆ, ಅಲ್ಲಿ ಗೇನ್ (ರೆಕಾರ್ಡಿಂಗ್ ಮಟ್ಟ) ಇಳಿಸಿ ಪ್ರಯೋಜನವಿಲ್ಲ, ಮೈಕಿನಲ್ಲೇ ಸದ್ದು ತಗ್ಗಿಸುವ ಪ್ಯಾಡ್ ಸ್ವಿಚ್ ಒತ್ತಬೇಕು. ಆಮೇಲೆ ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ಗೆ ಬರುವಂತೆ ಇಟ್ಟೆವು. ಸಮಯ ಬೆಳಿಗ್ಗೆ ಹನ್ನೊಂದರಿಂದ ಮೂರು. ಸಂಜೆಯ ತಂಪಿಗೆ ಚರ್ಮ ಸಡಿಲವಾಗುತ್ತದೆ, ಜೀರುಂಡೆಯೂ ಶುರು. ತೋಟಕ್ಕೆ ನೀರು ಬಿಡುವ ಪಂಪಿನ ಹೊತ್ತು ನೆರೆಯವರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಹಂಚಿನ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಸುರಂಗದ ಪ್ರಯೋಗ ಆಲ್ಬಂಗೆ ಬೇಕೇಬೇಕು ಎಂದಿರಲಿಲ್ಲ, ಆದರೆ ಬಿಡಲಾಗಲಿಲ್ಲ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಅನುರಣನವನ್ನು ಗಿಟಾರಿಗೆ ಕೊಡುವ ಯೋಚನೆ. ಬಲೂನ್ ಒಡೆದು ಹಿಡಿದದ್ದರಲ್ಲಿ ಕೆಳಸ್ವರ ಇರಲಿಲ್ಲ. ಎರಡನೇ ಸಲ ಬ್ಯಾಟರಿ ಸ್ಪೀಕರಿನಲ್ಲಿ 20 ಸೆಕೆಂಡಿನ ಸ್ವೀಪ್ (ಕೆಳಸ್ವರದಿಂದ ಮೇಲ್ಸ್ವರಕ್ಕೆ ಏರುವ ಸದ್ದು) ನುಡಿಸಿ ಕೈ ರೆಕಾರ್ಡರಿನಲ್ಲಿ ಹಿಡಿದೆವು; ಡಿಸೆಂಬರ್ ಆದ್ದರಿಂದ ನೀರು ತೊಟ್ಟಿಕ್ಕುವ ಸದ್ದು ಎಲ್ಲವನ್ನೂ ಕೆಡಿಸಿತು. ಏಪ್ರಿಲಿನಲ್ಲಿ ಹೋದಾಗ ಸರಿಯಾಯಿತು. ಸುರಂಗದ ಅಗಲ ಎರಡೂಕಾಲು ಅಡಿ, ಹಾಗಾಗಿ 250 ಹರ್ಟ್ಸಿನ ಆಸುಪಾಸಿನಲ್ಲಿ ಒಂದು ಗುಂಯ್ ನಿಲ್ಲುತ್ತದೆ. ಅಲ್ಲಿ 6 ಡೆಸಿಬಲ್ ಕಡಿದ ಮೇಲೆಯೇ ಅದು ಹಾಡಿಗೆ ಹೊಂದಿದ್ದು. ಮುರಕಲ್ಲಿನ ತೂತುಗಳು ಮೇಲ್ಸ್ವರ ನುಂಗುವುದರಿಂದ ಅನುರಣನದ ಬಾಲ ಮೆತ್ತಗೆ, ಅಂಗಡಿಯಲ್ಲಿ ಸಿಗುವ ಯಾವ ರಿವರ್ಬಿನಲ್ಲಿಯೂ (ಕೃತಕ ಅನುರಣನದಲ್ಲಿಯೂ) ನನಗೆ ಸಿಗದ ಬಣ್ಣ. ಸ್ಪೀಕರನ್ನೂ ರೆಕಾರ್ಡರನ್ನೂ ಎಲ್ಲಿಟ್ಟೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮೂರನೇ ಆಲ್ಬಂಗೆ ಅದು ಬೇಕು. ಹಳೆಯ ಸುರಂಗದೊಳಗೆ ಗಾಳಿ ಸಾಲದೆ ಇರಬಹುದು. ಬಾಯಿಯಿಂದ ಹತ್ತು ಹದಿನೈದು ಅಡಿಗಿಂತ ಒಳಗೆ ನಾವು ಹೋಗಲಿಲ್ಲ, ಹೊರಗೆ ಒಬ್ಬರು ನಿಂತಿದ್ದರು.

ಎಲ್ಲ ಟ್ರ್ಯಾಕುಗಳನ್ನು ಸೇರಿಸುವ ಮಿಕ್ಸಿನಲ್ಲಿ ಹೆಚ್ಚು ಕೆಲಸ ಮಾಡಿದ್ದು ಈಕ್ಯೂ (ಮೇಲ್ಸ್ವರ, ಕೆಳಸ್ವರಗಳ ಹೊಂದಾಣಿಕೆ) ಅಲ್ಲ, ಬಿಟ್ಟುಕೊಡುವಿಕೆ. ಚೆಂಡೆ ಇರುವಲ್ಲಿ ಡ್ರಮ್ಸಿನ ಸ್ನೇರ್ ಇಲ್ಲ, ಕ್ರ್ಯಾಶ್ ತಟ್ಟೆ ಇಲ್ಲ. ಮದ್ದಳೆಯ ಎಡಗಡೆ ಮಾತಾಡುವಲ್ಲಿ ಕಿಕ್ ಇಲ್ಲ, ಬೇಸ್ ಉದ್ದ ಸ್ವರ ಹಿಡಿದು ನಿಲ್ಲುತ್ತದೆ. ಇದನ್ನು ಫೇಡರಿನಲ್ಲಿ ಸದ್ದು ಏರಿಸಿ ಇಳಿಸಿ ಸಾಧಿಸಲು ಹೋಗಿ ಒಂದು ತಿಂಗಳು ಕಳೆದೆವು. ಕೊನೆಗೆ ಡ್ರಮ್ಸಿನ ಮೂರು ಭಾಗ ಮತ್ತೆ ಬಾರಿಸಿಯೇ ಆದದ್ದು. ಚೆಂಡೆ ಪ್ರವೇಶಿಸುವ ಮೊದಲ ಪೆಟ್ಟು ಅಷ್ಟು ದೊಡ್ಡದಾಗಿ ಕೇಳುವುದು ಹೇಗೆ ಎಂದು ತುಂಬ ಜನ ಕೇಳುತ್ತಾರೆ. ಅರ್ಧ ಉತ್ತರ ಕೊಡುತ್ತೇನೆ: ಅದರ ಹಿಂದಿನ ಎರಡು ಆವರ್ತ ಗಮನಿಸಿ ಕೇಳಿ.

ಖರ್ಚು ಹೀಗೆ ನೆನಪು. ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ, ಎಂಟು ಇನ್‌ಪುಟ್ಟಿನ ಬಳಸಿದ ಇಂಟರ್‌ಫೇಸ್ 28,000. ಕಂಡೆನ್ಸರ್ ಮೈಕ್ ಜೋಡಿ 18,000. ಹಾಸಿಗೆ, ಹಲಗೆ, ಉದ್ದದ ಕೇಬಲ್ 6,000. ಭಾಗವತರು ಮತ್ತು ಹಿಮ್ಮೇಳದ ಗೌರವಧನ 30,000, ಇದರಲ್ಲಿ ಚೌಕಾಸಿ ಮಾಡಬೇಡಿ. ಮಾಸ್ಟರಿಂಗ್ 20,000. ಪೆನ್‌ಡ್ರೈವ್ 150ಕ್ಕೆ 42,000, ಮುದ್ರಣ 6,000. ಒಟ್ಟು ಒಂದೂವರೆ ಲಕ್ಷ. ಸಿಡಿ ಮಾಡಲಿಲ್ಲ. ಪ್ಲೇಯರ್ ಉಳಿದಿರುವ ಮನೆ ಕಡಿಮೆ, ಆದರೆ ಕಾರು ಜೀಪುಗಳಲ್ಲಿ ಪೆನ್‌ಡ್ರೈವ್ ಓಡುತ್ತದೆ. 500 ರೂಪಾಯಿಯಂತೆ 130 ಮಾರಿದೆವು, ಉಳಿದದ್ದು ಕಲಾವಿದರಿಗೂ ಗೆಳೆಯರಿಗೂ. ಮೂರು ಕಾರ್ಯಕ್ರಮದಿಂದ 80,000. ಕೈಯಿಂದ ಹೋದದ್ದು ಐದು ಸಾವಿರದ ಹತ್ತಿರ, ಸಾಮಾನು ನಮ್ಮಲ್ಲೇ ಉಳಿಯಿತು.

ಸ್ಟ್ರೀಮಿಂಗಿನ ಲೆಕ್ಕದಲ್ಲಿ ಮಾತ್ರ ಎಡವಿದೆವು. ಇಪ್ಪತ್ತೊಂದು ನಿಮಿಷದ ಕೃತಿ ಒಂದೇ ಟ್ರ್ಯಾಕಾದರೆ ಒಂದೇ ಕೇಳುವಿಕೆ ಎಂದು ಐದು ಭಾಗ ಮಾಡಿ ಏರಿಸಿದ್ದು. ಸ್ಪಾಟಿಫೈಯಲ್ಲಿ 2024ರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಕೇಳುವಿಕೆ ದಾಟದ ಟ್ರ್ಯಾಕಿಗೆ ಹಣವಿಲ್ಲ. ನಮ್ಮ ಮೊದಲ ಎರಡು ಭಾಗ ದಾಟಿದವು, ಉಳಿದ ಮೂರು ನಿಂತವು. ಎರಡೇ ಭಾಗ ಮಾಡಿದ್ದರೆ ಎರಡೂ ದಾಟುತ್ತಿದ್ದವು. ಕತ್ತರಿಸುವುದಾದರೆ ಜಾಗಟೆಯ ಪೆಟ್ಟಿಗೆ ಕೂದಲೆಳೆ ಮೊದಲು ಕತ್ತರಿಸಿ, ನಷ್ಟವಿಲ್ಲದ ಫೈಲನ್ನೇ ಕೊಡಿ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಸಣ್ಣ ಮೌನ ಸೇರಿಕೊಳ್ಳುತ್ತದೆ. ಕಾರಿನಲ್ಲಿ ಅದು ಕಲ್ಲು ತಾಗಿದ ಹಾಗೆ ಕೇಳುತ್ತದೆ. ಅದಕ್ಕೇ ಪೆನ್‌ಡ್ರೈವಿನಲ್ಲಿ ಇಡೀ ಕೃತಿ ಒಂದೇ ಫೈಲ್. ಸ್ಪಾಟಿಫೈಯಲ್ಲಿ ಜೋರಾದ ಹಾಡಿನ ಮಟ್ಟ ಮೈನಸ್ 14ಕ್ಕೆ (LUFS ಎಂಬ ಅಳತೆಯಲ್ಲಿ) ತಾನೇ ಇಳಿಯುವುದರಿಂದ, ಜೋರು ಮಾಡಲೆಂದು ಮಾಸ್ಟರಿಂಗಿನಲ್ಲಿ ಸದ್ದನ್ನು ಹಿಂಡಲು ಬಿಡಲಿಲ್ಲ. ಆಲ್ಬಂ ಸಾಲಾಗಿ ಕೇಳಿದರೆ ಮದ್ದಳೆಯ ಮೆಲುಭಾಗ ಮೆಲ್ಲಗೇ ಇರುತ್ತದೆ, ಷಫಲಿನಲ್ಲಿ ಕೇಳಿದವರಿಗೆ ಅದು ಮೇಲೆದ್ದು ಬರುತ್ತದೆ. ಅದಕ್ಕೆ ಮದ್ದು ಸಿಕ್ಕಿಲ್ಲ.

ಜನ ಹೇಗೆ ತೆಗೆದುಕೊಂಡರು? ಬೆಂಗಳೂರಿನ ರಾಕ್ ಕೇಳುಗರಿಗೆ ಭಾಗವತಿಕೆ ಜೋರಾಯಿತು, ಗಿಟಾರ್ ಹಿಂದಾಯಿತು. ಹಾಗೆಯೇ ಇರಬೇಕು ಎಂಬುದು ನಮ್ಮ ತೀರ್ಮಾನ, ಬದಲಿಸುವುದಿಲ್ಲ. ಮಲಯಾಳಿ ಗೆಳೆಯರು ಚೆಂಡೆಯ ಜಾಡು ಹಿಡಿದು ಬಂದರು, ಮಾತು ಅರ್ಥವಾಗದಿದ್ದರೂ ತ್ರಿವುಡೆಯ ಭಾಗವನ್ನು ಮತ್ತೆ ಮತ್ತೆ ಕೇಳಿದರು. ಕಾರ್ಯಕ್ರಮದಲ್ಲಿ ಅದಕ್ಕೇ ಕೈತಟ್ಟಿದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಚೆಂಡೆಯನ್ನು ಗಿಟಾರಿನ ಜೊತೆ ಇಡುವಾಗ ಬೈಗಳಿಗೆ ತಯಾರಾಗಿಯೇ ಇದ್ದೆವು. ಬೈದವರು ಕಡಿಮೆ. ನಿಜವಾಗಿ ತಾಗಿದ್ದು ಒಬ್ಬ ಹಿರಿಯ ಮದ್ದಳೆಗಾರರ ಮಾತು: “ಮೂರನೆಯ ಭಾಗದಲ್ಲಿ ಮುಕ್ತಾಯ ಮುಗಿಯುವ ಮೊದಲೇ ನಿಮ್ಮ ಗಿಟಾರ್ ಎದ್ದು ಹೋಗಿದೆ, ಒಂದು ಆವರ್ತ ಕಾಯಿರಿ.” ಹಾಕಿ ನೋಡಿದೆವು, ಅವರು ಹೇಳಿದ್ದು ಸರಿ. ಕಡಿದು ಜೋಡಿಸಲು ಹೋದರೆ ಸುರಂಗದ ಬಾಲ ತುಂಡಾಗುತ್ತಿತ್ತು, ಆದ್ದರಿಂದ ಆ ನಲ್ವತ್ತು ಸೆಕೆಂಡಿನ ಗಿಟಾರ್ ಮತ್ತೆ ನುಡಿಸಿ, ಅದೇ ಮ್ಯಾಪಿನ ಮೇಲೆ ಕೂರಿಸಿದೆವು. ಈಗ ತಯಾರಾಗುತ್ತಿರುವ ಎರಡನೇ ಕಂತಿನ ಐವತ್ತು ಪೆನ್‌ಡ್ರೈವಿನಲ್ಲಿ ತಿದ್ದಿದ ಮೂರನೇ ಭಾಗವೇ ಇರುತ್ತದೆ. ಮೊದಲಿನದ್ದು ಇರುವವರು ತಂದುಕೊಟ್ಟರೆ ಹೊಸ ಫೈಲ್ ಹಾಕಿಕೊಡುತ್ತೇವೆ.